ಪೀಟನ ಪರವಾಗಿ ನಾಲ್ಕು ಮಾತು

ಇವತ್ತಿನ ಬೆಳಗ್ಗೆ ಹೊಸ ಸ್ಟೀಲ್ ಡಬ್ಬಿಯ ಚೀಟಿ ಕೀಳುವುದರಲ್ಲೇ ಮುಗಿದುಹೋಯಿತು. ಉಗುರಿಗೆ ಸಿಕ್ಕಷ್ಟು ಕಾಗದ ಬಂತು, ಅಂಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ, ಬಿಸಿನೀರಲ್ಲಿ ನೆನೆಸಿ ಎಂಬ ಉಪದೇಶಗಳೆಲ್ಲ ನನಗೂ ಗೊತ್ತು, ಬಿಡಿ. ನನ್ನ ಸಿಟ್ಟು ಬೇರೆ. ಯಾರಿಗೂ ಬೇಡದ ಈ ಚೀಟಿಯನ್ನು ಇಷ್ಟು ಭದ್ರವಾಗಿ ಕೂರಿಸಬಲ್ಲ ಲೋಕದಲ್ಲಿ, ಅಂಚೆ ಲಕೋಟೆಯ ಬಾಯಿ ಎಷ್ಟು ಒದ್ದೆ ಮಾಡಿ ಒತ್ತಿದರೂ ಐದು ನಿಮಿಷಕ್ಕೆ ಆಕಳಿಸುತ್ತದಲ್ಲ, ಯಾಕೆ? ಹೀಗೆ ಗೊಣಗುತ್ತ ಡಬ್ಬಿ ತಿಕ್ಕುತ್ತಿದ್ದಾಗ ಪೇಸ್ಟ್ ಪಾಟ್ ಪೀಟ್ ನೆನಪಾದ.

ಸ್ಪೈಡರ್‌ಮ್ಯಾನ್ ಹೆಸರು ಹೇಳಿದರೆ ಕೂಸುಗಳೂ ಗೋಡೆ ಹತ್ತಲು ಹೋಗುತ್ತವೆ. ಆದರೆ ಪೀಟನನ್ನು ಬಲ್ಲವರು ಕಡಿಮೆ. 1963ರ ಜನವರಿ ತಾರೀಖಿನ ‘ಸ್ಟ್ರೇಂಜ್ ಟೇಲ್ಸ್’ 104ನೇ ಸಂಚಿಕೆಯಲ್ಲಿ ಹುಟ್ಟಿದ ಮಾರ್ವೆಲ್ ಕಾಮಿಕ್ಸ್‌ನ ಖಳ ಇವನು. ಹುಟ್ಟಿಸಿದವರಲ್ಲಿ ಸ್ಟಾನ್ ಲೀ, ಜ್ಯಾಕ್ ಕರ್ಬಿ ಅವರಂಥ ಘಟಾನುಘಟಿಗಳಿದ್ದರು. ಅಸಲಿ ಹೆಸರು ಪೀಟರ್ ಪೆಟ್ರಸ್ಕಿ, ಓದಿಕೊಂಡ ರಸಾಯನ ತಜ್ಞ. ಆಯುಧ? ಒಂದು ಬಕೆಟ್ ಅಂಟು ಮತ್ತು ಅದಕ್ಕೆ ಕೊಳವೆಯಿಂದ ಜೋಡಿಸಿದ ಒಂದು ಬಂದೂಕು. ಕತ್ತಿಗೆ ದೊಡ್ಡ ಬೋ ಟೈ, ಚಿತ್ರ ಬರೆಯುವವರು ತೊಡುವಂಥ ದೊಗಲೆ ಅಂಗಿ. ಎದುರಾಳಿ ಹ್ಯೂಮನ್ ಟಾರ್ಚ್, ಅಂದರೆ ಮೈಯೆಲ್ಲ ಬೆಂಕಿ ಹೊತ್ತಿಸಿಕೊಂಡು ಆಕಾಶದಲ್ಲಿ ಹಾರುವ ಹುಡುಗ. ಅಂಥವನ ಮುಂದೆ ಅಂಟಿನ ಬಕೆಟ್ ಹಿಡಿದು ನಿಲ್ಲಬೇಕಾದರೆ ಎಂಥ ಎದೆಗಾರಿಕೆ ಬೇಕು! ಓದುಗರು ನಕ್ಕರು. ನಾನು ನಗಲಾರೆ.

ಯಾಕೆಂದರೆ ಬಕೆಟ್ಟಿನ ಅಂಟಿನ ಬಗ್ಗೆ ನನಗೆ ಹುಡುಗುತನದಿಂದಲೇ ಭಕ್ತಿ. ಶುಕ್ರವಾರದ ಸಿನಿಮಾಕ್ಕೆ ಗುರುವಾರ ರಾತ್ರಿಯೇ ಪೋಸ್ಟರ್ ಅಂಟಿಸುವವರು ಬರುತ್ತಿದ್ದರು. ಸೈಕಲ್ ಹ್ಯಾಂಡಲಿಗೆ ಬಕೆಟ್, ಅದರಲ್ಲಿ ಮೈದಾ ಹಿಟ್ಟು ಕಾಯಿಸಿ ಮಾಡಿದ ಅಂಟು, ಹುಳ ಹಿಡಿಯದಿರಲೆಂದು ಚೂರು ಮೈಲುತುತ್ತ. ಉದ್ದ ಕೋಲಿನ ಬ್ರಷ್ಷನ್ನು ಅದ್ದಿ ಗೋಡೆಗೆ ಎಡದಿಂದೊಂದು ಸಲ ಬಲದಿಂದೊಂದು ಸಲ ಬಳಿದರೆ, ಆಮೇಲೆ ನಾಯಕನ ಎದೆ, ಮೀಸೆ, ಕಣ್ಣು ಒಂದೊಂದಾಗಿ ಗೋಡೆಯ ಮೇಲೆ ಕೂರುತ್ತಿದ್ದವು. ಕಾಗದದ ಕೆಳಗೆ ಗಾಳಿ ಉಳಿಯಕೂಡದು, ಸುಕ್ಕು ಬೀಳಕೂಡದು, ಒಂದು ಹಾಳೆಯ ಮೂಗು ಇನ್ನೊಂದು ಹಾಳೆಯ ಮೂಗಿಗೆ ಸರಿಯಾಗಿ ಸೇರಬೇಕು. ಇದು ವಿದ್ಯೆಯಲ್ಲದೆ ಮತ್ತೇನು? ಬೆಳಗಾಗುವಷ್ಟರಲ್ಲಿ ಬೀದಿಯ ದನ ಬಂದು ಮೈದಾ ಆಸೆಗೆ ನಾಯಕನ ಮೊಣಕಾಲಿನವರೆಗೆ ತಿಂದು ಹೋಗಿರುತ್ತಿತ್ತು. ಅಂಟಿಸಿದವರ ಹೆಸರು ಪೋಸ್ಟರಿನ ಯಾವ ಮೂಲೆಯಲ್ಲೂ ಇರುತ್ತಿರಲಿಲ್ಲ. ಮುದ್ರಣಾಲಯದ ಹೆಸರಾದರೂ ಇರುತ್ತಿತ್ತು.

ಪೀಟ್ ಹುಟ್ಟಿದ ಹೊತ್ತಿಗೆ ಅಮೆರಿಕದಲ್ಲೂ ಅಂಟಿನ ಕಾಲವೇ. ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಎರಡನೇ ಮಹಾಯುದ್ಧದ ಕಾಲದಲ್ಲಿ ಬಂದೂಕಿನ ಗುರಿ ನೋಡುವ ಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತ ಒಂದು ವಸ್ತು ಮಾಡಿದರು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಬೇಸತ್ತು ಅದನ್ನು ಬದಿಗಿಟ್ಟರು. ಅದೇ ವಸ್ತು 1958ರಲ್ಲಿ ಅಂಗಡಿಗೆ ಬಂತು. ಈಗ ನಾವು ಸೂಪರ್ ಗ್ಲೂ ಎನ್ನುವುದು ಅದನ್ನೇ. ಅದಾಗಿ ಐದು ವರ್ಷ ಕಳೆಯುವುದರೊಳಗೆ ಬಂದ ಪೀಟನನ್ನು ಅಷ್ಟೊಂದು ಹಗುರವಾಗಿ ನೋಡಬೇಕಾಗಿರಲಿಲ್ಲ.

ಅವನ ಯೋಗ್ಯತೆ ತಿಳಿದದ್ದು 1964ರಲ್ಲಿ, ‘ಅವೆಂಜರ್ಸ್’ 6ನೇ ಸಂಚಿಕೆಯಲ್ಲಿ. ಬ್ಯಾರನ್ ಜೀಮೋ ಎಂಬ ನಾಜಿ ವಿಜ್ಞಾನಿಯ ಹತ್ತಿರ ‘ಅಡ್ಹೀಸಿವ್ ಎಕ್ಸ್’ ಎಂಬ ಅಂಟು. ಅದರ ಶಕ್ತಿ ಎಷ್ಟೆಂದರೆ ಯುದ್ಧಕಾಲದಲ್ಲಿ ಸ್ವತಃ ಜೀಮೋನ ಮುಸುಕೇ ಮುಖಕ್ಕೆ ಅಂಟಿ, ಮತ್ತೆಂದೂ ಬಿಡಿಸಿಕೊಳ್ಳಲಾಗದೆ ಉಳಿದಿತ್ತು. ಅದೇ ಅಂಟಿಗೆ ಅವೆಂಜರ್ಸ್ ಸಿಕ್ಕಿಬಿದ್ದರು. ಥೋರನಂಥ ದೇವರು, ಐರನ್ ಮ್ಯಾನನಂಥ ಯಂತ್ರಜ್ಞ, ಕ್ಯಾಪ್ಟನ್ ಅಮೆರಿಕಾ ಇದ್ದ ನಾಯಕರ ತಂಡ ಅದು! ದೇವಲೋಕದ ಸುತ್ತಿಗೆಯಿದ್ದೂ ಒಂದು ಹನಿ ಗೋಂದು ಬಿಡಿಸಲು ಬರಲಿಲ್ಲ. ಕೊನೆಗೆ ಅದನ್ನು ಕರಗಿಸುವ ದ್ರವಕ್ಕೆ ಜೈಲಿನಲ್ಲಿದ್ದ ನಮ್ಮ ಪೀಟನೇ ಬೇಕಾಯಿತು. ಅವನು ದಾರಿ ತೋರಿಸಿದ, ಪ್ರತಿಫಲವಾಗಿ ಪೆರೋಲ್ ಸಿಕ್ಕಿತು. ಬೆಳಗ್ಗೆ ನನ್ನ ಡಬ್ಬಿಯ ಹತ್ತಿರ ಅವನಿದ್ದಿದ್ದರೆ ನಾನೂ ಏನಾದರೂ ಕೊಟ್ಟುಬಿಡುತ್ತಿದ್ದೆ.

ಆದರೂ ಅವನಿಗೆ ಕೀಳರಿಮೆ ಹೋಗಲಿಲ್ಲ. 1965ರಲ್ಲಿ ಫ್ರೈಟ್‌ಫುಲ್ ಫೋರ್ ಎಂಬ ಖಳರ ಗುಂಪು ಸೇರಿದ ಮೇಲೆ ‘ಟ್ರಾಪ್‌ಸ್ಟರ್’ ಎಂದು ಹೆಸರು ಬದಲಿಸಿಕೊಂಡ. ವೇಷವೂ ಅಷ್ಟರಲ್ಲಿ ಬದಲಾಗಿತ್ತು, ಬಕೆಟ್ ಹೋಗಿತ್ತು. ವಿಚಿತ್ರವೆಂದರೆ ಹೊಸ ಹೆಸರು ಇಟ್ಟುಕೊಂಡ ಆ ಸಂಚಿಕೆಯಲ್ಲೇ ಅವನ ಗುಂಪು ಹ್ಯೂಮನ್ ಟಾರ್ಚ್‌ನ ತಂಡವಾದ ಫೆಂಟಾಸ್ಟಿಕ್ ಫೋರನ್ನು ನಿಜಕ್ಕೂ ಸೋಲಿಸಿತು. ಅದನ್ನು ಯಾರು ನೆನಪಿಟ್ಟುಕೊಂಡರು? ಆಮೇಲೆ ಬಂದ ಕಥೆಗಾರರು ಹಳೆಯ ಹೆಸರನ್ನೇ ಕೆದಕಿ ಕೆದಕಿ ನಗೆ ಹುಟ್ಟಿಸಿದರು. ಎದುರಿಗೆ ನಿಂತ ನಾಯಕರು ‘ಏನೋ ಪೇಸ್ಟ್ ಪಾಟ್’ ಎಂದು ಕಿಚಾಯಿಸುತ್ತಾರೆ, ಇವನು ಕೆಂಡವಾಗುತ್ತಾನೆ.

ಅಂಟು ಹಿಡಿದ ಖಳ ಎಂದೊಡನೆ ನನ್ನ ಮನಸ್ಸು ಮಹಾಭಾರತದ ವಾರಣಾವತಕ್ಕೆ ಹೊರಟುಬಿಡುತ್ತದೆ. ಅಲ್ಲಿದ್ದವನು ಪುರೋಚನ. ಪಾಂಡವರನ್ನು ಸುಡಲು ದುರ್ಯೋಧನ ಹೇಳಿದನೆಂದು ಅವಸರವಾಗಿ ಹೋಗಿ ಅರಗು, ತುಪ್ಪ, ಎಣ್ಣೆ ಕಲಸಿದ ಮಣ್ಣು ಮೆತ್ತಿ ಅರಮನೆ ಕಟ್ಟಿಸಿದ. ಒಳಗೆ ಕಾಲಿಟ್ಟೊಡನೆ ಧರ್ಮರಾಯನಿಗೆ ವಾಸನೆ ಬಡಿಯಿತು. ಬಡಿದರೂ ತೋರಿಸಿಕೊಳ್ಳದೆ ಪಾಂಡವರು ಒಂದು ವರ್ಷ ಅಲ್ಲೇ ಸಂಸಾರ ಮಾಡಿದರು. ಆ ಒಂದು ವರ್ಷ ಪುರೋಚನ ಏನು ಮಾಡುತ್ತಿದ್ದ? ಬೆಳಗ್ಗೆ ಎದ್ದು ಪಾಂಡವರಿಗೆ ನಮಸ್ಕರಿಸಿ, ಊಟ ಆಯಿತೇ ಎಂದು ಕೇಳಿ, ರಾತ್ರಿ ಇವತ್ತೋ ನಾಳೆಯೋ ಎಂದು ಲೆಕ್ಕ ಹಾಕುತ್ತಿದ್ದನೇ? ಕೆಲಸವೇನೋ ಅಚ್ಚುಕಟ್ಟು, ಕಡ್ಡಿ ಗೀರುವುದನ್ನು ಮಾತ್ರ ಮುಂದೂಡಿದ. ಕೊನೆಗೆ ಬೆಂಕಿ ಇಟ್ಟವನು ಭೀಮ, ಬೆಂದವನು ಪುರೋಚನ. ಶಕುನಿಗೆ ಸಿಕ್ಕ ಕೀರ್ತಿಯಲ್ಲಿ ನೂರರಲ್ಲೊಂದು ಪಾಲೂ ಅವನಿಗೆ ದಕ್ಕಲಿಲ್ಲ.

ಪುರೋಚನನಿಗಾದರೂ ಒಂದು ಹೆಸರಿದೆ. ಅದೇ ರಾತ್ರಿ ಔತಣಕ್ಕೆಂದು ಬಂದು, ಉಂಡು ಕುಡಿದು ಮಲಗಿದ್ದ ಒಬ್ಬ ಬೇಡತಿ ಮತ್ತು ಅವಳ ಐದು ಮಕ್ಕಳು ಆ ಮನೆಯಲ್ಲೇ ಸುಟ್ಟುಹೋದರು. ಅವರ ಹೆಣಗಳನ್ನೇ ಕುಂತಿ, ಪಾಂಡವರೆಂದು ಊರು ನಂಬಿ ಅತ್ತಿತು. ಆ ಆರು ಜನರಲ್ಲಿ ಒಬ್ಬರಿಗೂ ವ್ಯಾಸರು ಹೆಸರಿಡಲಿಲ್ಲ. ಪೇಸ್ಟ್ ಪಾಟ್ ಎಂದರೆ ಕೆಂಡವಾಗುವ ಪೀಟ್ ಇನ್ನು ಸುಮ್ಮನಿರಬಹುದು.