ಐದು ಯಾವಾಗಲೂ ನಾಲ್ಕಕ್ಕಿಂತ ಮೇಲಲ್ಲ

ಗಾಡಿ ಇರೋರೆಲ್ಲ ಇಂಜಿನ್ ಆಯಿಲ್ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲರು. ಯಾವ ಬ್ರ್ಯಾಂಡ್, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು, ಸಿಂಥೆಟಿಕ್ ಒಳ್ಳೇದಾ ಅಂತ. ಆದರೆ "ನಿಮ್ಮ ಗೇರ್‌ಬಾಕ್ಸ್‌ನಲ್ಲಿ ಇರೋದು ಯಾವ ಆಯಿಲ್?" ಅಂತ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ ಸುಮ್ಮನಾಗ್ತಾರೆ. ನಗರದ ರಸ್ತೆಯಲ್ಲಿ ಇದು ಗೊತ್ತಿಲ್ಲದಿದ್ದರೂ ಹೇಗೋ ನಡೆಯುತ್ತೆ. ಕೆಸರು, ಕಲ್ಲು, ಇಳಿಜಾರಿನಲ್ಲಿ ಓಡೋ ಫೋರ್ ವೀಲ್ ಗಾಡಿಗೆ ನಡೆಯಲ್ಲ.

ಮೂಡಿಗೆರೆ ಕಡೆಯ ನಮ್ಮ ಮನೆಗೆ ಟಾರು ರಸ್ತೆ ಮುಗಿದ ಮೇಲೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಮಳೆಗಾಲದಲ್ಲಿ ಅದು ದಾರಿಯಲ್ಲ, ಹಳ್ಳ. ಅಲ್ಲಿ ಓಡಾಡೋದು ಅಪ್ಪನ ಹಳೇ ಜಿಪ್ಸಿ ಮಾತ್ರ. ಗೊಬ್ಬರದ ಮೂಟೆ, ಗ್ಯಾಸ್ ಸಿಲಿಂಡರ್, ಆಸ್ಪತ್ರೆಗೆ ಹೊರಟ ಅಮ್ಮ, ಎಲ್ಲದಕ್ಕೂ ಅದೇ ಗತಿ. ಹೋದ ವರ್ಷ ಮಳೆ ಹಿಡಿಯೋ ಮುಂಚೆ ಪೇಟೆಯ ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದರು. ಆಮೇಲಿಂದ ಬೆಳಿಗ್ಗೆ ಹೊತ್ತು ಎರಡನೇ ಗೇರ್ 'ಕರ್‌ರ್' ಅನ್ನೋಕೆ ಶುರುವಾಯ್ತು. ಒಂದು ದಿನ ಇಳಿಜಾರಿನಲ್ಲಿ ಮೂರರಿಂದ ಎರಡಕ್ಕೆ ಬೀಳಲೇ ಇಲ್ಲ. ಗಾಡಿ ನ್ಯೂಟ್ರಲ್‌ನಲ್ಲಿ, ಕೆಳಗೆ ಕೆಸರು, ಪಕ್ಕದ ಸೀಟಿನಲ್ಲಿ ಅಮ್ಮ. ಅಂಥ ಕಡೆ ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ನಿಲ್ಲುತ್ತೆ, ಗಾಡಿ ನಿಲ್ಲಲ್ಲ. ಅಪ್ಪ ಹೇಗೋ ಧರೆಗೆ ಒರಗಿಸಿ ನಿಲ್ಲಿಸಿದರು. ಫೋನಿನಲ್ಲಿ ನನಗೆ ಹೇಳಿದ್ದು "ಏನಿಲ್ಲ ಮಾರಾಯ, ಬಂಪರಿಗೆ ಸ್ವಲ್ಪ ಮಣ್ಣು" ಅಂತ ಮಾತ್ರ. ಉಳಿದದ್ದನ್ನು ಅಮ್ಮ ಹೇಳಿದರು.

ಗೇರ್‌ಬಾಕ್ಸ್ ಇಳಿಸಬೇಕು ಅಂತ ಗ್ಯಾರೇಜಿನವರ ತೀರ್ಮಾನ. ಆ ಶನಿವಾರ ಊರಿಗೆ ಹೋದೆ. ಸೌದೆ ಕೊಟ್ಟಿಗೆಯಲ್ಲಿ ಉಳಿದ ಆಯಿಲ್ ಕ್ಯಾನ್ ಸಿಕ್ಕಿತು. ಅದರ ಮೇಲೆ ಜಿಎಲ್-5, 85ಡಬ್ಲ್ಯು-140 ಅಂತಿತ್ತು. ಗಾಡಿಯ ಪುಸ್ತಕ ತೆಗೆದು ನೋಡಿದರೆ ಗೇರ್‌ಬಾಕ್ಸಿಗೆ ಜಿಎಲ್-4. ಫೋನ್ ಮಾಡಿ ಕೇಳಿದಾಗ ಗ್ಯಾರೇಜಿನವರು, "ಸಾರ್, ನಾಲ್ಕಕ್ಕಿಂತ ಐದು ಒಳ್ಳೇದು. ಕಾಡು ದಾರಿ ಗಾಡಿ ಅಂತ ಗಟ್ಟಿ ಆಯಿಲ್ಲೇ ಹಾಕಿದೀವಿ" ಅಂದರು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ವರ್ಷನ್ 4 ಆದ ಮೇಲೆ ಬರೋ 5 ಹೊಸದು, ಸುಧಾರಿಸಿದ್ದು. ಗೇರ್ ಆಯಿಲ್‌ನಲ್ಲಿ ಹಾಗಲ್ಲ. ಜಿಎಲ್-4, ಜಿಎಲ್-5 ಎರಡೂ ಬೇರೆ ಬೇರೆ ಕೆಲಸಕ್ಕೆ ಇರೋ ಆಯಿಲ್‌ಗಳು. ಆಕ್ಸಲ್ ಮಧ್ಯದ ಡಿಫರೆನ್ಷಿಯಲ್‌ನಲ್ಲಿ ಹೈಪಾಯ್ಡ್ ಗೇರ್‌ಗಳ ಹಲ್ಲುಗಳು ವಿಪರೀತ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಅದಕ್ಕೆ ಗಂಧಕ, ರಂಜಕದ ಸಂಯುಕ್ತಗಳು ಹೆಚ್ಚಿರುವ ಜಿಎಲ್-5 ಬೇಕು. ಗೇರ್‌ಬಾಕ್ಸ್‌ನಲ್ಲಿ ಕಥೆಯೇ ಬೇರೆ.

ಓಡೋ ಬಸ್ಸು ಹತ್ತಬೇಕಾದರೆ ನಾಲ್ಕು ಹೆಜ್ಜೆ ಅದರ ಜೊತೆ ಓಡಿ ವೇಗ ಹೊಂದಿಸಿಕೊಂಡು ಕಾಲಿಡ್ತೀವಲ್ಲ? ಗೇರ್ ಬದಲಿಸುವಾಗ ಆ ನಾಲ್ಕು ಹೆಜ್ಜೆ ಓಡೋದು ಸಿಂಕ್ರೋ ರಿಂಗ್. ಸಾಮಾನ್ಯವಾಗಿ ಹಿತ್ತಾಳೆ ಜಾತಿಯ ಲೋಹದ್ದು. ಗೇರ್‌ನ ಶಂಕುವಿಗೆ ಉಜ್ಜಿ ಹಿಡಿದು ಎರಡರ ವೇಗವನ್ನೂ ಒಂದು ಮಾಡುತ್ತೆ. ಅಂದರೆ ಅದಕ್ಕೆ ಸ್ವಲ್ಪ ಘರ್ಷಣೆ ಬೇಕೇ ಬೇಕು. ಆಯಿಲ್ ತೀರಾ ಜಾರುವಂಥದ್ದಾದರೆ ರಿಂಗಿಗೆ ಹಿಡಿತ ಸಿಗಲ್ಲ, ಹಲ್ಲಿಗೆ ಹಲ್ಲು ಬಡಿಯುತ್ತೆ. ಮೇಲಾಗಿ ಕೆಲವು ಜಿಎಲ್-5 ಆಯಿಲ್‌ಗಳಲ್ಲಿರುವ ಗಂಧಕ ಬಿಸಿಯಾದಾಗ ಹಿತ್ತಾಳೆಯನ್ನು ನಿಧಾನಕ್ಕೆ ತಿನ್ನುತ್ತೆ.

ಇನ್ನು 'ಗಟ್ಟಿ ಆಯಿಲ್' ವಿಚಾರ. 75ಡಬ್ಲ್ಯು-90 ಅನ್ನೋದರಲ್ಲಿ ಮೊದಲಿನದು ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದು, ಎರಡನೆಯದು ಬಿಸಿಯಾದಾಗಿನ ಮಂದ. ಇಂಜಿನ್ ಆಯಿಲ್‌ನ ಸಂಖ್ಯೆ ಜೊತೆ ಹೋಲಿಸಬೇಡಿ, ಅಳತೆಗೋಲೇ ಬೇರೆ. 75ಡಬ್ಲ್ಯು ಮೈನಸ್ 40 ಡಿಗ್ರಿವರೆಗೂ, 80ಡಬ್ಲ್ಯು ಮೈನಸ್ 26ರವರೆಗೂ ತಡೆಯುತ್ತೆ. ಲಡಾಖ್‌ಗೆ ಹೋಗೋರಿಗೆ ಈ ವ್ಯತ್ಯಾಸ ಮುಖ್ಯ. ಮಲೆನಾಡಿನ ಚಳಿಗೆ ಎರಡೂ ನಡೆಯುತ್ತೆ. ಆದರೆ 140 ಬೆಳಗಿನ ತಂಪಿಗೆ ಜೋನಿಬೆಲ್ಲದ ಥರ. ರಿಂಗ್ ಮೊದಲು ಆ ಪದರವನ್ನು ಒತ್ತಿ ಆಚೆ ಕಳಿಸಬೇಕು, ಆಮೇಲೆ ಹಿಡಿತ.

ಭಾನುವಾರ ನಾನೂ ಅಪ್ಪನೂ ಸೇರಿ ಬದಲಿಸಿದೆವು. ಹತ್ತು ನಿಮಿಷ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ಗಾಡಿಯನ್ನು ಸಮತಟ್ಟು ಅಂಗಳದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟೆವು. ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಸಡಿಲಿಸಬೇಕು, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಬಿಚ್ಚದೇ ಹೋದರೆ, ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತೆ. ಬೋಲ್ಟಿನ ತುದಿಯ ಅಯಸ್ಕಾಂತದಲ್ಲಿ ಕಪ್ಪು ಪೇಸ್ಟ್ ಇದ್ದರೆ ಸಹಜ, ಚೂರುಗಳಿದ್ದರೆ ಅಪಾಯ. ನಮ್ಮ ಹಳೇ ಆಯಿಲ್‌ನಲ್ಲಿ ಬಂಗಾರದ ಬಣ್ಣದ ಮಿನುಗು ಕಾಣಿಸಿತು. ಅದು ಹಿತ್ತಾಳೆ, ಅಯಸ್ಕಾಂತಕ್ಕೆ ಸಿಗಲ್ಲ. ಹೊಸ ಆಯಿಲ್ ಫಿಲ್ಲರ್ ತೂತಿನಿಂದ ತುಳುಕೋವರೆಗೆ ತುಂಬಿಸಿದರೆ ಅಳತೆ ಸರಿ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಬೇರೆಯಾಗಿದೆ, ಅದರ ಆಯಿಲ್ಲೂ ಬೇರೆ. ಎರಡು ಡಿಫರೆನ್ಷಿಯಲ್ ಸೇರಿದರೆ ಒಟ್ಟು ನಾಲ್ಕು ಕಡೆ ನೋಡಬೇಕು.

80ಡಬ್ಲ್ಯು-90 ಜಿಎಲ್-4 ಹಾಕಿದ ಮೇಲೆ ಮರುದಿನ ಬೆಳಿಗ್ಗೆಯೇ ಎರಡನೇ ಗೇರ್ ಬಿತ್ತು. ಪವಾಡ ಏನಲ್ಲ. ಸವೆದ ರಿಂಗನ್ನು ಯಾವ ಆಯಿಲ್ಲೂ ಮತ್ತೆ ಬೆಳೆಸಲ್ಲ. ಅವಸರದಲ್ಲಿ ಹಾಕಿದರೆ ಈಗಲೂ ಒಮ್ಮೊಮ್ಮೆ ಗೊಣಗುತ್ತೆ. ಅಪ್ಪ ಹಳೇ ಜೀಪಿನ ಕಾಲದ ಡಬಲ್ ಕ್ಲಚ್ ಅಭ್ಯಾಸದಿಂದ ಸಂಭಾಳಿಸ್ತಾರೆ. ಮುಂದೊಂದು ದಿನ ರಿಂಗ್ ಬದಲಿಸಲೇಬೇಕು. ಆದರೆ ಆ ಮಳೆಗಾಲವಿಡೀ ಅಮ್ಮ ಧೈರ್ಯವಾಗಿ ಗಾಡಿ ಹತ್ತಿದರು.

ಇನ್ನೊಂದು ಮಾತು. ಬಿಸಿ ಗೇರ್‌ಬಾಕ್ಸ್ ತಣ್ಣನೆ ಹಳ್ಳದ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಅಥವಾ ಸೀಲ್ ಮೂಲಕ ನೀರನ್ನು ಎಳೆದುಕೊಳ್ಳಬಹುದು. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಕಿಲೋಮೀಟರ್ ಲೆಕ್ಕ ನೋಡಬೇಡಿ, ತಕ್ಷಣ ಬದಲಿಸಿ.

ಹಾಗಂತ ಎಲ್ಲ ಗಾಡಿಗೂ ಜಿಎಲ್-4 ಅಂತ ಹಿಡಿಯಬೇಡಿ. ಕೆಲವು ಮ್ಯಾನುಯಲ್ ಗೇರ್‌ಬಾಕ್ಸ್‌ಗಳಿಗೆ ಆಟೋಮ್ಯಾಟಿಕ್ ಗಾಡಿಯ ತೆಳು ಆಯಿಲ್ ಬೇಕು. ಕೊನೆಯ ಮಾತು ನಿಮ್ಮ ಗಾಡಿಯ ಪುಸ್ತಕದ್ದು. ಆ ಪುಟದ ಒಂದು ಫೋಟೋ ಫೋನಿನಲ್ಲಿರಲಿ. ಮುಂದಿನ ಸರ್ವಿಸ್‌ನಲ್ಲಿ ಆಯಿಲ್ ಸುರಿಯೋ ಮುಂಚೆ ಕ್ಯಾನ್ ತೋರಿಸಿ ಅಂತ ಕೇಳಿ. ಒಳ್ಳೇ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳಲ್ಲ.