ಮೂರು ಮೊಳ ರಬ್ಬರು

ಮನೆಗೆ ಬೇಕಾದ ಸಾಮಾನು ಆರಿಸುವುದರಲ್ಲಿ ನಾನು ಜಾಣನೆಂದು ಬಹುಕಾಲ ನಂಬಿದ್ದೆ. ಈ ನಂಬಿಕೆಗೆ ಆಧಾರವಿರಲಿಲ್ಲವೆಂದಲ್ಲ. ಹಳಗನ್ನಡ ಕಾವ್ಯವೊಂದರ ನಾಲ್ಕು ಪಾಠಾಂತರಗಳನ್ನು ಮುಂದಿಟ್ಟರೆ, ಯಾವುದು ಗ್ರಾಹ್ಯ, ಯಾವುದು ಲಿಪಿಕಾರನ ಕೈತಪ್ಪು ಎಂದು ಹೇಳುವುದು ನನ್ನ ಹೊಟ್ಟೆಪಾಡಿನ ಕಸುಬು. ಇಷ್ಟು ಬಲ್ಲವನಿಗೆ ನಾಲ್ಕು ಸವಟುಗಳಲ್ಲಿ ಒಂದನ್ನು ಆರಿಸುವುದು ಯಾವ ದೊಡ್ಡ ಮಾತು?

ನನ್ನ ಹೆಂಡತಿಯ ಅಭಿಪ್ರಾಯ ಬೇರೆ. ನಾನು ತಂದ ಈಳಿಗೆಮಣೆ ಕುಂಟುತ್ತದೆಯಂತೆ; ನಾನು ತಂದ ಜರಡಿಯಲ್ಲಿ ಚಹಾದ ಜೊತೆಗೆ ಪುಡಿಯೂ ಇಳಿಯುತ್ತದೆಯಂತೆ; ನಾನು ತಂದ ಇಕ್ಕಳ ಪಾತ್ರೆಯನ್ನು ಬಿಟ್ಟು ಹಿಡಿದವರ ಬೆರಳನ್ನೇ ಹಿಡಿಯುತ್ತದೆಯಂತೆ. ಇವೆಲ್ಲ ಕ್ಷುಲ್ಲಕ ಟೀಕೆಗಳೆಂದು ನಾನು ತಳ್ಳಿಹಾಕುತ್ತಿದ್ದೆ. ಬೆಲೆಯಲ್ಲಿ ಉಳಿಸಿದ ಹತ್ತು ರೂಪಾಯಿಯನ್ನು ಮೇಜಿನ ಮೇಲಿಟ್ಟು, ವಿಜಯಿಯಂತೆ ಕುರ್ಚಿಯಲ್ಲಿ ಕೂಡುತ್ತಿದ್ದೆ.

ಹೀಗಿರುವಾಗ, ಎರಡು ವರ್ಷದ ಹಿಂದೆ, ಗ್ಯಾಸ್ ಒಲೆಯ ರಬ್ಬರು ನಳಿಗೆ ಹಳೆಯದಾಗಿದೆ, ಹೊಸತು ತನ್ನಿರೆಂದು ಮನೆಯಿಂದ ಅಪ್ಪಣೆಯಾಯಿತು. ಹಾನಗಲ್ಲಿನ ಪೇಟೆಯ ಅಂಗಡಿಯವನು ಎರಡು ನಳಿಗೆಗಳನ್ನು ತೋರಿಸಿದ. ಒಂದು ಕೇಸರಿ ಬಣ್ಣದ್ದು, ಮೈಮೇಲೆಲ್ಲ ಅಕ್ಷರ, ನೂರಾ ತೊಂಬತ್ತು ರೂಪಾಯಿ. ಇನ್ನೊಂದು ಹಸುರು, ನುಣ್ಣಗೆ, ಅರುವತ್ತು.

"ಕೇಸರಿದು ತಗೋರಿ ಸರ್. ಒಳಗ ಉಕ್ಕಿನ ತಂತಿ ಐತಿ. ಇಲಿ ಕಡಿಯೂದಿಲ್ಲ" ಎಂದ ಅವನು.

"ನಳಿಗೆ ಇರುವುದು ಗ್ಯಾಸು ಹರಿಯಲಿಕ್ಕೆ. ಇಲಿಗೆ ಊಟ ಹಾಕಲಿಕ್ಕಲ್ಲ" ಎಂದು ನಾನು ನಕ್ಕೆ. ಅಂಗಡಿಯವನೂ ನಕ್ಕ. ಮೂರು ಮೊಳದ ಹಸುರು ರಬ್ಬರನ್ನು ಸುರುಳಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು, ನೂರಾ ಮೂವತ್ತು ರೂಪಾಯಿ ಗಳಿಸಿದ ಸಂತೋಷದಲ್ಲಿ ಮನೆಗೆ ಬಂದೆ.

ಹಾನಗಲ್ಲು ಭತ್ತದ ಸೀಮೆ. ಸುಗ್ಗಿ ಮುಗಿದರೆ ಊರ ಹೊಲದಿಂದ ನಮ್ಮ ಪಾಲಿನ ನಾಲ್ಕು ಚೀಲ ಬಂದು ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ಕೂಡುತ್ತವೆ. ಚೀಲದ ಹಿಂದೆಯೇ ಇಲಿಗಳೂ ಬರುತ್ತವೆಂಬುದನ್ನು ವಾಚಕರಿಗೆ ನಾನು ಹೇಳಬೇಕಾಗಿಲ್ಲ. ನನಗೆ ಮಾತ್ರ ಅಂಗಡಿಯಲ್ಲಿ ಅದು ನೆನಪಾಗಲಿಲ್ಲ.

ಮರುವರ್ಷ ಪರೀಕ್ಷೆಯ ಕಾಲ. ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತವನು ಹನ್ನೊಂದರ ಸುಮಾರಿಗೆ ಎದ್ದು ಚಹಾ ಕಾಸಿಕೊಂಡು, ಒಲೆಯ ಗುಂಡಿಯನ್ನಷ್ಟೆ ತಿರುಗಿಸಿ, ಸಿಲಿಂಡರಿನ ಮೇಲಿನ ರೆಗ್ಯುಲೇಟರನ್ನು ಆರಿಸದೆ ಮಲಗಿಬಿಟ್ಟೆ. ಎಷ್ಟು ಹೊತ್ತಾಗಿತ್ತೋ ತಿಳಿಯದು, ಅವ್ವ ನನ್ನ ಭುಜ ಹಿಡಿದು ಅಲುಗಾಡಿಸುತ್ತಿದ್ದಳು. "ಏಳಪಾ, ಮನ್ಯಾಗ ನಾರಾಕ ಹತ್ತೈತಿ." ನಿದ್ದೆಗಣ್ಣಲ್ಲಿ ಎದ್ದವನು ಮೊದಲು ಮಾಡಿದ ಕೆಲಸವೆಂದರೆ ಗೋಡೆಯ ಮೇಲಿನ ಗುಂಡಿಗೆ ಕೈ ಚಾಚಿದ್ದು. ಅವ್ವ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು. "ದೀಪಾ ಹಾಕಬ್ಯಾಡ!"

ಅಡಿಗೆಮನೆಯ ಕತ್ತಲೆಯಲ್ಲಿ ಅವಳೇ ಮುಂದೆ ಹೋದಳು. ತಡವರಿಸದೆ ರೆಗ್ಯುಲೇಟರನ್ನು ತಿರುಗಿಸಿದಳು, ಹಿತ್ತಲ ಬಾಗಿಲು ತೆರೆದಳು, ಮೊರ ತೆಗೆದುಕೊಂಡು ನೆಲದ ಮಟ್ಟದಲ್ಲಿ ಗಾಳಿಯನ್ನು ಹೊರಕ್ಕೆ ಬೀಸತೊಡಗಿದಳು. ನನ್ನ ಹೆಂಡತಿ ಮಕ್ಕಳನ್ನೆಬ್ಬಿಸಿಕೊಂಡು ಅಂಗಳಕ್ಕೆ ನಡೆದಳು. ನಾನು ಎಂ.ಎ. ಪದವೀಧರನು ಬಾಗಿಲಲ್ಲಿ ನಿಂತಿದ್ದೆ.

ಬೆಳಗಾದ ಮೇಲೆ ನೋಡಿದರೆ ಹಸುರು ನಳಿಗೆಯ ಮೇಲೆ ಎರಡು ಹಲ್ಲಿನ ಗುರುತು.

ಅಕ್ಷರ ಬಾರದ ಅವ್ವನಿಗೆ ಈ ವಿದ್ಯೆ ಎಲ್ಲಿಂದ ಬಂತು? ಕೇಳಿದೆ. ಮೊದಲು ಗ್ಯಾಸ್ ಜೋಡಿಸಲು ಬಂದ ಹುಡುಗ ಹೇಳಿದ್ದನಂತೆ. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ನೀರಿನಂತೆ ನಿಲ್ಲುತ್ತದೆ. ಅದಕ್ಕೆ ತನ್ನದೇ ವಾಸನೆ ಇಲ್ಲವೆನ್ನುವಷ್ಟು. ಸೋರಿದ್ದು ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ಗಂಧದ ವಸ್ತುವನ್ನು ಬೆರೆಸಿರುತ್ತಾರೆ. ವಿದ್ಯುತ್ತಿನ ಗುಂಡಿ ಒತ್ತಿದರೆ, ಒಂದು ಕಿಡಿ ಸಾಕು. ಆ ಹುಡುಗ ಇದನ್ನು ಹೇಳುವಾಗ ನಾನೂ ಅಲ್ಲಿದ್ದೆ, ಪತ್ರಿಕೆ ಓದುತ್ತಿದ್ದೆ. ಓದಬಲ್ಲವನು ಕೇಳಲಿಲ್ಲ, ಓದಲಾರದವಳು ಮಾತನ್ನು ಗಂಟು ಹಾಕಿಕೊಂಡಳು.

ಕತ್ತಲೆಯಲ್ಲಿ ಅವಳು ತಡವರಿಸದ್ದಕ್ಕೂ ಕಾರಣವುಂಟು. ಅವಳಿಗೆ ಹಗಲೂ ಅಷ್ಟಾಗಿ ಕಾಣುವುದಿಲ್ಲ. ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದು ಮಬ್ಬು. ವಯಸ್ಸು ಒಂದು ಕಾರಣ, ಒಲೆಯ ಹೊಗೆ ಇನ್ನೊಂದು ಕಾರಣವಾಗಿರಬಹುದು ಎಂದು ಹುಬ್ಬಳ್ಳಿಯ ವೈದ್ಯರು ಹೇಳಿದಾಗ ಅವ್ವ ನಕ್ಕಿದ್ದಳು. ಹೊಗೆಯಿಲ್ಲದ ಒಲೆ ಇರುತ್ತದೆಂಬುದೇ ಅವಳ ಆಯುಷ್ಯದ ಬಹುಭಾಗ ಕಥೆಯಾಗಿತ್ತು.

ಆದರೆ ಅದು ಕಥೆಯಾಗಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ೧೯೭೪ರಲ್ಲಿ 'ಆಸ್ತ್ರ' ಎಂಬ ಕೇಂದ್ರವನ್ನು ಕಟ್ಟಿದರು. ವಿಜ್ಞಾನ ಹಳ್ಳಿಯ ಅಡಿಗೆಮನೆಗೂ ಇಳಿಯಬೇಕೆಂಬುದು ಅವರ ಹಂಬಲ. ಅಲ್ಲಿಂದ ಬಂದದ್ದು ಆಸ್ತ್ರ ಒಲೆ: ಮೂರು ಪಾತ್ರೆಗೆ ಒಂದೇ ಉರಿ, ಹೊಗೆಗೆ ಕೊಳವೆ. ನಮ್ಮ ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ಹತ್ತು ಪಾಲಿನಲ್ಲಿ ಸುಮಾರು ಒಂದು ಪಾಲು ಪಾತ್ರೆಗೆ ತಲುಪಿದರೆ, ಇದರಲ್ಲಿ ಮೂರು-ನಾಲ್ಕು ಪಾಲು. ನಾನು ಸಣ್ಣವನಿದ್ದಾಗ ನಮ್ಮ ಹಳ್ಳಿಯ ಒಂದು ಮನೆಗೂ ಈ ಒಲೆ ಬಂತು. ಅವ್ವ ಹೋಗಿ ನೋಡಿ ಬಂದು ಅಪ್ಪನನ್ನು ಕೇಳಿದಳು. ಅಪ್ಪ ಲೆಕ್ಕದ ಮನುಷ್ಯ. "ಹೊಲದಾಗ ಕಟ್ಟಿಗಿ ಪುಕ್ಕಟ ಸಿಗತೈತಿ. ಇದಕ್ಕ ಯಾಕ ರೊಕ್ಕ?" ಎಂದ. ಅಲ್ಲಿಗೆ ಮಾತು ಮುಗಿಯಿತು.

ಅಪ್ಪನ ಲೆಕ್ಕದಲ್ಲಿ ತಪ್ಪು ಎಲ್ಲಿತ್ತು? ಕೂಡಿಸುವುದರಲ್ಲಿ, ಕಳೆಯುವುದರಲ್ಲಿ ಇರಲಿಲ್ಲ. ಕಟ್ಟಿಗೆ ಆರಿಸಿ ತಂದ ತಲೆ ಯಾರದು, ಹೊಗೆ ಉಂಡ ಕಣ್ಣು ಯಾರದು ಎಂಬುದನ್ನು ಅವನು ಖಿರ್ದಿಯಲ್ಲಿ ಬರೆಯಲೇ ಇಲ್ಲ. ಬರೆಯದ ಖರ್ಚು ಖರ್ಚಲ್ಲವೆಂದು ತಿಳಿದ. ನಾನು ಅವನ ಮಗ. ನೂರಾ ಮೂವತ್ತು ರೂಪಾಯಿಯನ್ನು ಉಳಿತಾಯದ ಕಡೆ ಬರೆದೆ. ಎದುರು ಪುಟದಲ್ಲಿ ಇಬ್ಬರು ಮಕ್ಕಳು ಮಲಗಿದ್ದರು.

ಆ ಹೊಸ ಒಲೆಯ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ನೆರೆಮನೆಯವರು ಕೆಲವು ವರ್ಷದಲ್ಲೇ ಅದನ್ನು ಒಡೆದು ಹಾಕಿದರು. ಕಟ್ಟಿಗೆಯನ್ನು ಸಣ್ಣಗೆ ಸೀಳಬೇಕು, ಕೊಳವೆಯ ಮಸಿ ತೆಗೆಯಬೇಕು. ಈ ಕೆಲಸಗಳೂ ಆ ಮನೆಯಾಕೆಯ ಪಾಲಿಗೇ ಬಂದವು. ಒಳ್ಳೆಯ ಸಾಧನವೂ ಬಳಸುವವರ ಕೈಗೆ ಒಗ್ಗದಿದ್ದರೆ ಮೂಲೆ ಸೇರುತ್ತದೆ. ಒಗ್ಗುತ್ತದೆಯೋ ಇಲ್ಲವೋ ಎಂದು ಕೇಳಬೇಕಾದದ್ದು ಬಳಸುವವರನ್ನು. ನಮ್ಮಲ್ಲಿ ಆರಿಸುವವನು ಒಬ್ಬ, ಬಳಸುವವಳು ಇನ್ನೊಬ್ಬಳು. ಇದೇ ಮೂಲ ದೋಷ.

ಆಮೇಲೆ ನಾನು ಕೇಸರಿ ನಳಿಗೆಯನ್ನು ತಂದು ಅದರ ಮೈಮೇಲಿನ ಅಕ್ಷರಗಳನ್ನು ಓದಿದೆ. ಐ.ಎಸ್.ಐ. ಗುರುತು, ತಯಾರಾದ ವರ್ಷ. ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂಬುದು ನಿಯಮ. ಓದುತ್ತ ನನಗೆ ನಾಚಿಕೆಯಾಯಿತು. ನಾನು ವಿದ್ಯಾರ್ಥಿಗಳಿಗೆ ಶಾಸನ ಪಾಠ ಹೇಳುವವನು. ಹಾನಗಲ್ಲು ಹಿಂದೆ ಪಾನುಂಗಲ್ಲಾಗಿದ್ದ ಕಾಲದಿಂದಲೂ, ಈ ನಾಡಿನ ಶಾಸನಗಳು ಭೂಮಿಯನ್ನು ದಾನ ಕೊಡುವಾಗ ಅದನ್ನು ಯಾವ ಕೋಲಿನಿಂದ ಅಳೆದದ್ದೆಂದು ಕೋಲಿನ ಹೆಸರು ಹೇಳುತ್ತವೆ. ಎಲ್ಲರೂ ಒಪ್ಪಿದ ಅಳತೆ ಇಲ್ಲದಿದ್ದರೆ ಕೊಡುವವನಿಗೂ ಕೊಳ್ಳುವವನಿಗೂ ಜಗಳ. ೧೯೪೭ರಲ್ಲಿ ಹುಟ್ಟಿ, ೧೯೮೭ರಲ್ಲಿ ಭಾರತೀಯ ಮಾನಕ ಬ್ಯೂರೋ ಆದ ಸಂಸ್ಥೆ ಕೊಡುವ ಆ ಗುರುತು ಇದೇ ಬಗೆಯ ಅಳತೆಗೋಲು. ಕಲ್ಲಿನ ಮೇಲಿನ ಅಕ್ಷರವನ್ನು ಕಷ್ಟಪಟ್ಟು ಓದುವ ನಾನು ರಬ್ಬರಿನ ಮೇಲಿನ ಅಕ್ಷರವನ್ನು ಓದಿರಲಿಲ್ಲ.

ಈಗ ನಮ್ಮ ಮನೆಯಲ್ಲಿ ಪದ್ಧತಿ ಬದಲಾಗಿದೆ. ಸಿಲಿಂಡರು ಒಲೆಗಿಂತ ಕೆಳಗೆ ನೆಟ್ಟಗೆ ನಿಲ್ಲುತ್ತದೆ. ರಾತ್ರಿ ರೆಗ್ಯುಲೇಟರು ಆರುತ್ತದೆ. ಉರಿ ನೀಲಿಯಾಗಿರದೆ ಹಳದಿಯಾದರೆ ಗ್ಯಾಸು ಸರಿಯಾಗಿ ಉರಿಯುತ್ತಿಲ್ಲವೆಂದು ತಿಳಿದು ಬರ್ನರಿನ ತೂತುಗಳನ್ನು ತೊಳೆಯುತ್ತೇವೆ. ಪಾತ್ರೆಯ ತಳಕ್ಕೆ ಮಸಿ ಹಿಡಿಯುವುದೂ ನಿಂತಿತು, ಸಿಲಿಂಡರೂ ನಾಲ್ಕು ದಿನ ಹೆಚ್ಚು ಬರುತ್ತದೆ. ಅಡಿಗೆಮನೆಗೆ ಏನೇ ಬೇಕಾದರೂ ಅಂಗಡಿಗೆ ಹೋಗುವವರು ಅತ್ತೆ-ಸೊಸೆ. ಚೀಲ ಹೊರುವವನು ನಾನು.

ಕುಂಟುವ ಈಳಿಗೆಮಣೆಯ ಬದಲು ಹೊಸತನ್ನು ಕೊಳ್ಳಲು ಹೋದ ದಿನ ಅವ್ವ ಅಂಗಡಿಯ ನೆಲದ ಮೇಲೇ ಕುಳಿತುಬಿಟ್ಟಳು. ಮಣೆಯನ್ನು ಕಾಲಿನಡಿ ಇಟ್ಟು ಒತ್ತಿ ನೋಡಿದಳು. ಅಲಗಿನ ಬುಡವನ್ನು ಬೆರಳಿನಿಂದ ತಡವಿ ಮೊಳೆ ಎಣಿಸಿದಳು. ಮೂರು ಪ್ರಶ್ನೆ ಕೇಳಿದಳು: "ಕೂಸು ಎಡವಿದರ ಏನಾಕ್ಕೈತಿ? ಮಡಚಾಕ ಬರತೈತೇನು? ಮೊಂಡ ಆದರ ಸಾಣಿ ಹಿಡೀಬೌದೋ, ಒಗೀಬೇಕೋ?" ಆಮೇಲೆ ನಾಲ್ಕನೆಯದಾಗಿ ಬೆಲೆ. ನಾನು ನಲವತ್ತು ವರ್ಷ ಬೆಲೆಯನ್ನೇ ಮೊದಲು ಕೇಳುತ್ತಿದ್ದೆ.

ಒಲೆಯ ಪಕ್ಕದ ಗೋಡೆಯ ಮೇಲೆ, ಹೊಸ ನಳಿಗೆ ಹಾಕಿದ ತಾರೀಖು ಮತ್ತು ಅದನ್ನು ತೆಗೆಯಬೇಕಾದ ತಾರೀಖನ್ನು ನನ್ನ ಹೆಂಡತಿ ಪೆನ್ಸಿಲ್ಲಿನಿಂದ ಬರೆದಿಟ್ಟಿದ್ದಾಳೆ. ಅವ್ವನಿಗೆ ಅದು ಕಾಣುವುದೂ ಇಲ್ಲ, ಓದಲು ಬರುವುದೂ ಇಲ್ಲ. ಆಗಾಗ ನನ್ನನ್ನು ಕರೆದು, "ಏನು ಬರದೈತಿ, ಓದಪಾ" ಎನ್ನುತ್ತಾಳೆ. ನಾನು ಓದಿ ಹೇಳುತ್ತೇನೆ.

"ಇನ್ನೂ ವ್ಯಾಳ್ಯಾ ಐತಿ" ಎಂದು ತಲೆಯಾಡಿಸಿ, ನನ್ನ ಕೈಗೆ ಚಹಾದ ಲೋಟ ಕೊಡುತ್ತಾಳೆ.