ಹೆಸರಿಲ್ಲದ ಹಳ್ಳ

ಡಿಸೆಂಬರಿನ ಚಳಿ. ಆಗುಂಬೆ ಹತ್ತಿರದ ತೋಟದ ಮನೆಯೊಂದರಲ್ಲಿ ಭೂಗೋಳ ಎಂ.ಎ. ಓದುತ್ತಿದ್ದ ನಾವು ಹನ್ನೊಂದು ಜನ ಬೀಡುಬಿಟ್ಟಿದ್ದೆವು. ರಾತ್ರಿ ಊಟವಾದ ಮೇಲೆ ಮೇಷ್ಟ್ರು ಜಗಲಿ ಬಿಟ್ಟು ಬಚ್ಚಲ ಒಲೆಯ ಮುಂದೆ ಹೋಗಿ ಕೂತರು. ಹಿಂದೆಯೇ ನಾವೂ. ಹಂಡೆಯ ನೀರು ಸಣ್ಣಗೆ ಗುಂಯ್‌ಗುಡುತ್ತಿತ್ತು.

ಕರಾವಳಿಗೆ ಹತ್ತಿರವೆಂದು ಆ ಭಾಗದ ಸರ್ವೆ ನಕ್ಷೆ ಆಗ ನಿರ್ಬಂಧಿತವಾಗಿತ್ತು. ವಿಭಾಗದ ಬೀರುವಿನಿಂದ ಸಹಿ ಹಾಕಿ ತಂದ ಹಾಳೆಗೆ ಪೆನ್ಸಿಲಿನ ಮೊನೆಯೂ ತಾಗುವಂತಿರಲಿಲ್ಲ. ಅದಕ್ಕೇ ಮೇಷ್ಟ್ರು ಅದರ ಮೇಲೆ ಟ್ರೇಸಿಂಗ್ ಕಾಗದ ಹಾಸಿ ಬರೆದುಕೊಳ್ಳುತ್ತಿದ್ದರು. ಒಂದು ಕಿಲೋಮೀಟರ್ ನೆಲಕ್ಕೆ 2 ಸೆಂಟಿಮೀಟರ್ ಕಾಗದ, 20 ಮೀಟರ್ ಎತ್ತರಕ್ಕೊಂದು ಕಂದು ಗೆರೆ. ಘಟ್ಟ ಇಳಿಯುವಲ್ಲಿ ಆ ಗೆರೆಗಳೆಲ್ಲ ಸಿಕ್ಕುಗಟ್ಟಿದ ಕೂದಲಿನ ಹಾಗೆ. ಅವುಗಳ ನಡುವೆ ನಾವು ಅವತ್ತು ಮೂರು ಸಲ ದಾಟಿದ ಹಳ್ಳವೊಂದಿತ್ತು. ನೀಲಿ ಗೆರೆ ಇತ್ತು, ಹೆಸರಿರಲಿಲ್ಲ.

"ನಾವೇ ಇಡೋಣ ಸಾರ್" ಅಂದ ನಮ್ಮಲ್ಲೊಬ್ಬ.

ಮೇಷ್ಟ್ರು ಒಲೆಗೆ ಒಂದು ಅಡಿಕೆ ಸೋಗೆ ತಳ್ಳಿ, ಶಿಬಪ್ರಸಾದ್ ಚಟರ್ಜಿಯವರ ಕಥೆ ತೆಗೆದರು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಭೂಗೋಳ ವಿಭಾಗ ಕಟ್ಟಿದವರು. 1930ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಡಾಕ್ಟರೇಟಿಗೆ ಬರೆಯುವಾಗ ಗಾರೋ, ಖಾಸಿ, ಜೈಂತಿಯಾ ಬೆಟ್ಟಗಳ ಪ್ರಸ್ಥಭೂಮಿಯನ್ನು ಆರಿಸಿಕೊಂಡರು. ಬಂಗಾಳ ಕೊಲ್ಲಿಯಿಂದ ಬರುವ ಮೋಡ ಬಯಲು ದಾಟಿ ಮೊದಲು ಬಡಿಯುವುದು ಆ ಗೋಡೆಗೇ. ಆಗುಂಬೆಯ ಮಳೆಯೇ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಅಲ್ಲಿನ ಚಿರಾಪುಂಜಿ, ಮೌಸಿನ್‌ರಾಮ್‌ಗಳಲ್ಲಿ 11,000ಕ್ಕೂ ಮೇಲೆ. ಚಟರ್ಜಿ ಆ ನೆಲವನ್ನು ಮೇಘಾಲಯ ಎಂದು ಕರೆದರು. 1972ರ ಜನವರಿ 21ರಂದು ಅದೇ ಹೆಸರಿನ ರಾಜ್ಯ ಹುಟ್ಟಿತು.

1956ರಲ್ಲಿ ಶುರುವಾದ ರಾಷ್ಟ್ರೀಯ ಅಟ್ಲಾಸ್ ಸಂಸ್ಥೆಗೆ ಮೊದಲ ನಿರ್ದೇಶಕರೂ ಅವರೇ. ಅಂತರರಾಷ್ಟ್ರೀಯ ಭೂಗೋಳ ಒಕ್ಕೂಟದ ಅಧ್ಯಕ್ಷರಾಗಿದ್ದರು. 1968ರಲ್ಲಿ ಅದರ ಮಹಾಸಮ್ಮೇಳನ ದೆಹಲಿಯಲ್ಲೇ ನಡೆಯಿತು.

"ನೋಡಿ, ಪ್ರಬಂಧದ ತಲೆಬರಹ ಒಂದು ರಾಜ್ಯವಾಯಿತು" ಎಂದು ಹೇಳಿ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಾದರು. "ಆದರೆ ಅಲ್ಲಿನವರ ಮಾತು ಖಾಸಿ, ಗಾರೋ. ಹೆಸರು ಮಾತ್ರ ಸಂಸ್ಕೃತದ್ದು. ತಮ್ಮ ಬೆಟ್ಟಕ್ಕೆ ಅವರು ಏನಂತಿದ್ದರೋ, ಅದನ್ನೂ ಕೇಳಬೇಕಲ್ವಾ?"

ಅಷ್ಟರಲ್ಲಿ ಮನೆಯ ಅಜ್ಜಿ ಕಷಾಯದ ಲೋಟಗಳನ್ನು ಹಿಡಿದು ಬಂದರು. ಮೇಷ್ಟ್ರು ಕಾಗದ ಬಿಡಿಸಿ, ಲಾಟೀನು ಹತ್ತಿರ ಎಳೆದು, ಹಳ್ಳದ ಹೆಸರು ಕೇಳಿದರು.

"ಯಾವ ಹಳ್ಳ?"

"ತೋಟದ ಮೇಲಿಂದ ಬಂದು ಗದ್ದೆ ಕೆಳಗೆ ಹೋಗುತ್ತಲ್ಲ, ಅದು."

"ಅದು ಒಂದೇ ಹಳ್ಳ ಅಂತ ಯಾರು ಹೇಳಿದ್ದು ನಿಮಗೆ?" ಅಂದರು ಅಜ್ಜಿ. "ತೋಟದಿಂದ ಮೇಲೆ ಅಕ್ಕಿ ತೊಳೆಯೋ ಹಳ್ಳ. ಗದ್ದೆಯಿಂದ ಕೆಳಗೆ ಹೆಣ ಸುಡೋ ಹಳ್ಳ. ಆ ನೀರು ನಾವು ಬಾಯಿಗೆ ಹಾಕಲ್ಲ."

ನಾವು ನಗಲು ಹೊರಟವರು ಮೇಷ್ಟ್ರ ಮುಖ ನೋಡಿ ತಡೆದೆವು. ಅವರು ನೀಲಿ ಗೆರೆಯ ಮಧ್ಯೆ ಒಂದು ಅಡ್ಡಗೀಟು ಎಳೆದು, ಎರಡೂ ಹೆಸರನ್ನು ಕನ್ನಡದಲ್ಲೇ ಬರೆದರು. ಬರೆದದ್ದನ್ನು ಅಜ್ಜಿಗೆ ಓದಿ ಹೇಳಿದರು.

ಮೇಷ್ಟ್ರು ರೀಡರ್ ಆಗಿಯೇ ನಿವೃತ್ತರಾದರು. ಪುಸ್ತಕ ಬರೆಯಲಿಲ್ಲ. ಕೊನೆಯ ದಿನ ಅವರ ಕೋಣೆ ಖಾಲಿ ಮಾಡಲು ಹೋದಾಗ ಬೀರುವಿನ ಮೇಲೆ ಹಳದಿಗಟ್ಟಿದ ಟ್ರೇಸಿಂಗ್ ಸುರುಳಿಗಳಿದ್ದವು. ಪ್ರತಿಯೊಂದಕ್ಕೂ ನಕ್ಷೆಯ ನಂಬರಿನ ಚೀಟಿ. ಆಗುಂಬೆ ಕಡೆಯದು, 48 ಒ ಅಂತಿದ್ದದ್ದನ್ನು ಕೇಳಿ ತೆಗೆದುಕೊಂಡೆ.

ಈಗಲೂ ಆ ದಾರಿಯಲ್ಲಿ ಹೋಗುವಾಗ ಫೋನಿನ ನಕ್ಷೆ ತೆಗೆದು ನೋಡುತ್ತೇನೆ. ನೀಲಿ ಗೆರೆ ಒಂದೇ ಇದೆ. ಕಾರು ನಿಲ್ಲಿಸಿ ನೀರು ಕುಡಿಯುವುದಾದರೆ ತೋಟದಿಂದ ಮೇಲಕ್ಕೇ ಹೋಗುತ್ತೇನೆ.